ಹಾಜರಿ

ಅಬೆರಿಸ್ಟ್‌ವಿತ್, ನವೆಂಬರ್.
ರಾತ್ರಿ ಎರಡು ಹೊಡೆದು ನಲವತ್ತು ನಿಮಿಷ.
ಗಂಟೆಯಲ್ಲ ಅದು, ಗೋಡೆಯೇ ಕಿರುಚಿದ್ದು.
ಸೀರೆ ಉಡಲು ಪುರುಸೊತ್ತಿಲ್ಲ;
ನೈಟಿಯ ಮೇಲೆ ಕೋಟು, ಕಾಲಿಗೆ ಸ್ನಾನದ ಚಪ್ಪಲಿ,
ಕೈಯಲ್ಲಿ ಕೀಲಿಕೈ.

ಪಾಸ್‌ಪೋರ್ಟು ತರಬೇಕಿತ್ತು,
ತಂದದ್ದು ಇದನ್ನ.
ನಲವತ್ತೊಂದು ವರ್ಷದಲ್ಲಿ ಮೊದಲ ಸಲ
ಒಂದು ಬಾಗಿಲು ನನ್ನ ಮಾತು ಕೇಳುತ್ತಿದೆ.
ಬಂದ ವಾರ ಆ ಕದವನ್ನು ಸುಮ್ಮಸುಮ್ಮನೆ
ಹಾಕಿ ತೆಗೆದು, ಹಾಕಿ ತೆಗೆದು ಮಾಡಿದ್ದಕ್ಕೆ
ಪಕ್ಕದ ಕೋಣೆಯವ ಗೋಡೆ ಕುಟ್ಟಿದ್ದ.
ಅಷ್ಟೇ ನಮ್ಮ ಪರಿಚಯ.

ಈ ಊರ ಹಲಗೆಗಳಿಗೆಲ್ಲ ಎರಡೆರಡು ನುಡಿ,
ನಮ್ಮ ಗಡಿಯ ಬಸ್‌ಸ್ಟ್ಯಾಂಡಿನ ಹಾಗೆ.
ಯಾವುದು ಮೇಲೆ, ಯಾವುದು ಕೆಳಗೆ ಎಂದು
ಇಲ್ಲೂ ಯಾರೋ ರಾತ್ರೋರಾತ್ರಿ ಬಣ್ಣ ಬಳಿದಿರಬೇಕು.
ಅಡುಗೆಮನೆಯ ದಪ್ಪ ಕದದ ಮೇಲೆ
ಬೆಂಕಿಗೆ ಅವರ ಮಾತು: ತಾನ್.
ನಾನು ದಿನಾ ಕನ್ನಡದಲ್ಲೇ ಓದಿಕೊಳ್ಳುತ್ತಿದ್ದೆ.
ತಾನು.
ಸದಾ ಮುಚ್ಚಿರತಕ್ಕದ್ದು.

ಫ್ರಿಜ್ಜಿನಲ್ಲಿ ಎರಡನೆಯ ಅರೆ ನನ್ನದು.
ಹಾಲಿಗೆ ಚೀಟಿ ಹಚ್ಚಿದ್ದೇನೆ,
ಆದರೂ ಇಳಿಯುತ್ತದೆ, ದಿನಕ್ಕೊಂದು ಬೆರಳು.
ಒಲೆಯ ಹತ್ತಿರ ಸಿಕ್ಕವರು ‘ಆರಾಮಾ?’ ಎನ್ನುತ್ತಾರೆ,
ಉತ್ತರಕ್ಕೆ ನಿಲ್ಲುವುದಿಲ್ಲ.
ನಾನು ನಿಂತಿರುತ್ತೇನೆ ಉತ್ತರ ಹಿಡಿದುಕೊಂಡು,
ಬಿಸಿ ಹಂಚು ಎಲ್ಲಿಡಲಿ ಎಂದು ತಿಳಿಯದವಳಂತೆ.

ಗೋಡೆಯಾಚೆ ಅವನು ಬುಧವಾರ ಅಳುತ್ತಾನೆ.
ಯಾಕೆ ಬುಧವಾರ, ಗೊತ್ತಿಲ್ಲ.
ನನ್ನ ಸಾಲಿಯಲ್ಲಾಗಿದ್ದರೆ ಹತ್ತಿರ ಕರೆದು
‘ಯಾಕಲೇ, ಉಂಡೀ ಇಲ್ಲೋ?’ ಅಂತಿದ್ದೆ.
ಇಲ್ಲಿ ಹನ್ನೊಂದರ ಮೇಲೆ ಸದ್ದು ಮಾಡುವಂತಿಲ್ಲ;
ಅದು ಕನಿಕರಕ್ಕೂ ಅನ್ವಯ ಎಂದುಕೊಂಡು
ದಿಂಬು ತಿರುಗಿಸಿ ಮಲಗಿದ್ದೇನೆ.

ಈಗ ಕಾರು ನಿಲ್ಲಿಸುವ ಅಂಗಳದಲ್ಲಿ ಅರವತ್ತು ಜನ.
ಸದ್ದುಗಳೆಲ್ಲ ಮುಖ ತೊಟ್ಟು ಬಂದಿವೆ.
ನಸುಕಿನಲ್ಲಿ ಸ್ನಾನ ಮಾಡುವ ಸದ್ದು, ಐಸ್ಲಿನ್, ರಜಾಯಿ ಹೊದ್ದು.
ತಲೆಯ ಮೇಲೆ ಚೆಂಡು ಪುಟಿಸುವ ಸದ್ದು
ಗೇಣುದ್ದದ ಹುಡುಗಿ, ತೆಮಿ.
ಒಬ್ಬ ತನ್ನ ಮೀನಿನ ಬೋಗುಣಿ ಎತ್ತಿಕೊಂಡು ಬಂದಿದ್ದಾನೆ,
ನೀರು ತುಳುಕಿ ಅಂಗಿಯೆಲ್ಲ ಒದ್ದೆ.
ಮತ್ತೆ, ಬರಿಗಾಲಲ್ಲಿ, ಬುಧವಾರದವನು.
ಇಷ್ಟು ಎತ್ತರ ಎಂದುಕೊಂಡಿರಲಿಲ್ಲ.
ಅಳು ಸಣ್ಣದಿತ್ತು.

ಕೆಳಗೆ ಕಡಲು ಕಾಣುವುದಿಲ್ಲ,
ಉಪ್ಪು ಮಾತ್ರ ಗುಡ್ಡ ಹತ್ತಿ ಬರುತ್ತದೆ.

ವಾರ್ಡನ್ ಎಲಿನೆಡ್ ಬ್ಯಾಟರಿ ಬೆಳಕಿನಲ್ಲಿ ಪಟ್ಟಿ ಓದತೊಡಗಿದಳು.
ಹದಿನೆಂಟು ವರ್ಷ, ಅಥಣಿ ತಾಲೂಕಿನ ತಗಡಿನ ಕೆಳಗೆ,
ತಲೆಯೆತ್ತದೆ ನಾನು ಕರೆದು ಗೀಟು ಹಾಕಿದ ಹಾಗೆ:
ಬಾಗಪ್ಪ, ಕಸ್ತೂರೆವ್ವ, ದಸ್ತಗೀರ,
ಹಾಜರ್ ರೀ, ಹಾಜರ್ ರೀ.
ಆ ಮಾತು ಆ ಕಡೆಯಿಂದ ಹೇಗಿರುತ್ತದೆಂದು
ಒಮ್ಮೆಯೂ ಯೋಚಿಸಿರಲಿಲ್ಲ,
ಹೊಟ್ಟೆಯಲ್ಲೆದ್ದು ಗಂಟಲಲ್ಲಿ ಪಾಳಿ ಕಾಯುವುದು.

ಹದಿನಾಲ್ಕನೆಯ ಕೋಣೆ. ನನ್ನದು.
ಇಲ್ಲಿಯತನಕ ಕಚೇರಿಗಳ ಬಾಯಲ್ಲಿ
ಕಟಕಟ ಮುರಿದ ರೊಟ್ಟಿ, ನನ್ನ ಹೆಸರು.
ಎಲಿನೆಡ್ ಮಾತ್ರ ತುಸು ತಡೆದು,
ಎರಡು ಎಲ್ ಜೋಡಿ ಕಂಡಲ್ಲೆಲ್ಲ
ತಮ್ಮೂರುಗಳ ಹೆಸರಿಗೆ ಬಿಡುವಂತೆ
ನಾಲಗೆಯ ಬದಿಯಿಂದ ಗಾಳಿ ಬಿಟ್ಟು
‘ಕುಹ್ಲೊಹ್ಲಿ’ ಎಂದಳು.
ಕುಲ್ಲೊಳ್ಳಿ, ತಾಯಿ.
ತಪ್ಪೇ. ಆದರೆ ಅವಳ ಸ್ವಂತ ಮನೆಯ ತಪ್ಪು,
ಕಡ ತಂದದ್ದಲ್ಲ.

‘ಹಾಜರ್ ರೀ!’ ಅಂದುಬಿಟ್ಟೆ.
ಅರವತ್ತು ತಲೆ ತಿರುಗಿದವು. ಮೀನಿನವ ನಕ್ಕ.
ಹದಿನೈದನೆಯ ಕೋಣೆ: ಗೆಥಿನ್.
ಹಲ್ಲು ಕಟಗುಡುತ್ತ ಬುಧವಾರದವನು,
ಇಲ್ಲಿಯ ಪದ್ಧತಿಯೇ ಇದಿರಬೇಕೆಂಬಂತೆ,
‘ಹಾಜರೀ’ ಎಂದ.

ಬೆಂಕಿಯಿರಲಿಲ್ಲ. ಯಾರದೋ ಸುಟ್ಟ ಬ್ರೆಡ್ಡು.
ಹೊಗೆ ಹೋಗಲೆಂದು ಅಡುಗೆಮನೆಯ ಕದಕ್ಕೆ
ಕುರ್ಚಿ ಒತ್ತಿ ತೆರೆದಿಟ್ಟಿದ್ದರು;
ತಾನ್ ಗೋಡೆಗೆ ಮುಖ ಮಾಡಿತ್ತು.
ಹಾಲು ಕಾಯಿಸಿದೆ, ಚೀಟಿ ಹಚ್ಚಿದ್ದನ್ನೇ.
ಎರಡು ಲೋಟ. ಅವನು ಬಂದು ಕೂತ,
ಪಾದಗಳು ಇನ್ನೂ ಕೆಂಪಗಿದ್ದವು.
‘ಉಂಡೀ ಇಲ್ಲೋ?’ ಎಂದೆ,
ಅವನಿಗೆ ತಿಳಿಯದ ಮಾತಿನಲ್ಲೇ.
ಹೇಳಲು ಹೊತ್ತು ತಗೊಂಡ.
ನಾನು ನಿಂತೇ ಇದ್ದೆ,
ಹಾಲಿನ ಮೇಲೆ ಕೆನೆ ಕಟ್ಟುವ ತನಕ.